ಬನ್ನಿ ಬೇಡ ಅಂದ ದಿನ: ನಾವು ವಿಶ್ವಾಸಿಗಳು ಮತ್ತೆ ಯೋಚಿಸಬೇಕಾದ ಕೆಲವು ಮಾತು

ಬನ್ನಿಗಿಡ (ಬಾಗಲಕೋಟೆ)

ಎಲ್ಲರಿಗೂ ವಂದನೆ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ. ಬರೆದೇ ಬಿಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ನಂಬಿಕೆ ಬಿಟ್ಟವನಲ್ಲ. ಭಾನುವಾರ ಸಭೆ ತಪ್ಪಿಸುವುದಿಲ್ಲ. ಬೆಳಿಗ್ಗೆ ಎದ್ದು ವಾಕ್ಯ, ಅಂದರೆ ಬೈಬಲ್, ಓದುತ್ತೇನೆ. ಯೇಸುವೇ ಕರ್ತನು ಅಂತ ಮನಸಾರೆ ಒಪ್ಪಿದವನು. ಆದರೆ ನಮಗೆ ವಾಕ್ಯ ಅಂತ ಕಲಿಸಿದ ಎಷ್ಟೋ ಸಂಗತಿ ನಿಜಕ್ಕೂ ವಾಕ್ಯದಲ್ಲಿ ಇವೆಯಾ ಅನ್ನುವುದು ಈಚೆಗೆ ನನ್ನನ್ನು ಬಹಳ ಕಾಡುತ್ತಿದೆ.

ಹಳೇ ಬಾಗಲಕೋಟೆಯಲ್ಲಿ ನಮ್ಮ ಮನೆ ಪಕ್ಕ ಒಬ್ಬ ಅಜ್ಜಿ ಇದ್ದಳು. ಓಣಿಯವರೆಲ್ಲ ಅವಳನ್ನು ಆಯಿ ಅಂತಲೇ ಕರೆಯುತ್ತಿದ್ದೆವು. ತಂಗಿ ಹುಟ್ಟಿದಾಗ ಅವ್ವನ ಬಾಣಂತನ ಮಾಡಿದವಳು ಅವಳೇ. ನನಗೆ ಟೈಫಾಯಿಡ್ ಆದಾಗ ಹಣೆ ಮೇಲೆ ತಣ್ಣೀರ ಬಟ್ಟೆ ಹಾಕುತ್ತಾ ರಾತ್ರಿಯೆಲ್ಲ ಕೂತವಳೂ ಅವಳೇ. ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಮನೆ ವಿಶ್ವಾಸಕ್ಕೆ ಬಂತು, ಕ್ರೈಸ್ತರಾದೆವು. ಆ ವರ್ಷ ದಸರೆಗೆ ಮುಂಚಿನ ಭಾನುವಾರ ಸಭೆಯಲ್ಲಿ ಹೇಳಿದ್ದರು: ದಸರೆಗೆ ಬಂಗಾರ ಅಂತ ಹಂಚುವ ಬನ್ನಿ ಎಲೆ ಮುಟ್ಟಬಾರದು, ಅದು ಗಿಡದ ಪೂಜೆ, ಕೈಯಲ್ಲಿ ತಗೊಂಡರೆ ಆ ಪೂಜೆಯಲ್ಲಿ ನಿಮಗೂ ಪಾಲು ಅಂತ.

ವಿಜಯದಶಮಿ ಸಂಜೆ ಆಯಿ ಬಂದಳು. ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ನಾಲ್ಕು ಎಸಳು ಬನ್ನಿ. 'ಬಂಗಾರದಂಗ ಇರೂಣು ತಮ್ಮಾ' ಅಂತ ಕೈ ಚಾಚಿದಳು. ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡೆ. 'ನಾವು ಇವನ್ನೆಲ್ಲ ತಗೊಳ್ಳೋದಿಲ್ಲ ಆಯಿ' ಅಂದೆ. ಅವಳು ಒಂದು ಮಾತೂ ಆಡಲಿಲ್ಲ. ಬನ್ನಿಯನ್ನು ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದಳು. ಬೆರಳು ನಡುಗುತ್ತಿದ್ದವು, ಗಂಟು ಬೇಗ ಬೀಳಲಿಲ್ಲ. ಅಷ್ಟು ಹೊತ್ತೂ ನಾನು ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದೆ. ಮುಂದಿನ ಭಾನುವಾರ ಸಭೆಯಲ್ಲಿ ಎದ್ದು ನಿಂತು ಇದನ್ನೇ ಸಾಕ್ಷಿ ಹೇಳಿದೆ. ಎಲ್ಲರೂ ಹಲ್ಲೆಲೂಯ ಅಂದರು.

ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಆ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನವನಗರದಲ್ಲಿ ಅವರ ಮನೆಯವರಿಗೆ ಒಂದು ಸೆಕ್ಟರ್, ನಮಗೆ ಇನ್ನೊಂದು. ತಪ್ಪಾಯಿತು ಅಂತ ಹೇಳೋಕೆ ಆ ಹೊಸ್ತಿಲೂ ಉಳಿದಿಲ್ಲ.

ಈಗ ಅನಿಸುವುದು ಇಷ್ಟು. ಪಕ್ಕದ ಮನೆಯವರನ್ನು ಎರಡೇ ರೀತಿ ನೋಡೋಕೆ ನಮಗೆ ಕಲಿಸಿದ್ದರು. ಒಂದೋ ಅವರು ನಮ್ಮನ್ನು ಕೆಡಿಸುವವರು, ಇಲ್ಲ ನಾವು ಗೆಲ್ಲಬೇಕಾದ ಆತ್ಮಗಳು. ಆಯಿ ಸುಮ್ನೆ ಆಯಿಯಾಗಿ ಇರೋಕೆ ನಮ್ಮ ಬೋಧನೆಯಲ್ಲಿ ಜಾಗವೇ ಇರಲಿಲ್ಲ.

ಎರಡನೇ ಅರಸುಗಳು 5ನೇ ಅಧ್ಯಾಯ ನೋಡಿ. ಅರಾಮ್ ದೇಶದ ದಂಡನಾಯಕ ನಾಮಾನನಿಗೆ ಕುಷ್ಠ ವಾಸಿಯಾಯಿತು, ಇನ್ನು ಇಸ್ರಾಯೇಲಿನ ದೇವರನ್ನೇ ಸೇವಿಸುತ್ತೇನೆ ಅಂದ. ಕೂಡಲೇ ಒಂದು ಮಾತು ಸೇರಿಸಿದ: ನನ್ನ ಒಡೆಯ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈ ಹಿಡಿದುಕೊಳ್ಳುತ್ತಾನೆ, ಆಗ ನಾನೂ ಬಾಗಬೇಕಾಗುತ್ತದೆ, ಅದನ್ನು ಕ್ಷಮಿಸಲಿ ಅಂತ. ಪ್ರವಾದಿ ಎಲೀಷ ಬೈದನಾ? ಇಲ್ಲ. ಸಮಾಧಾನದಿಂದ ಹೋಗು ಅಂದ. ನಮ್ಮ ಸಭೆಯಲ್ಲಿ ನಾಮಾನನ ಕಥೆಯನ್ನು ಹತ್ತಾರು ಸಲ ಕೇಳಿದ್ದೇನೆ. ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದ್ದರ ಹತ್ತಿರ ಪ್ರಸಂಗ ಮುಗಿದುಹೋಗುತ್ತದೆ. ಈ ಮಾತು ಬಂದದ್ದೇ ಇಲ್ಲ.

ನಿಮಗೂ ಇಂಥ ಅನುಭವ ಇದ್ದರೆ ಬರೆಯಿರಿ. ವಾದ ಗೆಲ್ಲೋಕೆ ಕೇಳುತ್ತಿಲ್ಲ.

ನೈಟ್ ಡ್ಯೂಟಿ (ಬೆಳಗಾವಿ)

ಅಣ್ಣಾ, ಓದಿ ಕಣ್ಣು ತುಂಬಿತು. ನನ್ನ ಮನಸ್ಸಿನಲ್ಲಿರುವುದು ಬೇರೆ ವಿಷಯ. ನಾನು ಆಸ್ಪತ್ರೆಯಲ್ಲಿ ನರ್ಸ್, ವಿಶ್ವಾಸಿಯೂ ಹೌದು.

ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳು ಗುಳಿಗೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ಕಮ್ಮಿಯಾಗುತ್ತದೆ, ಊಟ ಸೇರುತ್ತದೆ, ತೂಕ ಏರುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರೋ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ, ಗುಣವಾಯಿತು ಅಂತ ಸಾಕ್ಷಿ ಹೇಳಿಸುತ್ತಾರೆ. ಸಾಕ್ಷಿ ಹೇಳಿದವನಿಗೆ ಮರುದಿನ ಗುಳಿಗೆ ನುಂಗೋಕೆ ನಾಚಿಕೆ. ನುಂಗಿದರೆ ನಂಬಿಕೆ ಇಲ್ಲ ಅಂದ ಹಾಗಲ್ವಾ? ಅರ್ಧಕ್ಕೆ ಬಿಟ್ಟರೆ ಒಳಗೆ ಉಳಿದ ರೋಗಾಣು ಅದೇ ಔಷಧಕ್ಕೆ ಬಗ್ಗದಂತೆ ಆಗಬಹುದು. ಆಮೇಲೆ ಬರುವಾಗ ಅವರು ಮಲಗಿದ ಸ್ಥಿತಿಯಲ್ಲಿ ಬರುತ್ತಾರೆ. ಮನೆಯ ಮಕ್ಕಳಿಗೂ ಅಂಟಿರುತ್ತದೆ.

ಒಬ್ಬ ಹೆಣ್ಣುಮಗಳ ಹಾಸಿಗೆ ಪಕ್ಕ ನಿಂತಿದ್ದೆ. ನಡುವೆ ಗುಳಿಗೆ ಬಿಟ್ಟವಳು. ಅವಳು ನನ್ನನ್ನು ಕೇಳಿದ್ದು ಬದುಕುತ್ತೇನಾ ಅಂತ ಅಲ್ಲ. 'ಸಿಸ್ಟರ್, ನನ್ನ ನಂಬಿಕೆ ಎಲ್ಲಿ ಕಡಿಮೆ ಬಿತ್ತು?' ಅಂತ. ಉಸಿರಾಡೋಕೆ ಆಗದವಳ ಎದೆ ಮೇಲೆ ನಾವು ಈ ಕಲ್ಲನ್ನೂ ಹೇರಿದ್ದೆವು.

ಪೌಲ ತನ್ನ ಶರೀರದ ಮುಳ್ಳು ತೆಗೆ ಅಂತ ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಮುಂದೆ ಹೋದ. ತಿಮೊಥೆಯನ ಹೊಟ್ಟೆಗೆ ಮನೆಮದ್ದು ಹೇಳಿ ಕಾಗದ ಬರೆದ. ಅವನ ಜೊತೆಗಾರ ಲೂಕ ವೈದ್ಯ. ಇವರಲ್ಲಿ ಯಾರಿಗೆ ನಂಬಿಕೆ ಕಮ್ಮಿ ಇತ್ತು? ಹುಟ್ಟು ಕುರುಡನನ್ನು ನೋಡಿ ಯಾರು ಪಾಪ ಮಾಡಿದ್ದು ಅಂತ ಶಿಷ್ಯರು ಕೇಳಿದಾಗ ಯೇಸು ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಅಂದ. ಆ ಪ್ರಶ್ನೆಯನ್ನು ನಾವು ಇನ್ನೂ ಬಿಟ್ಟಿಲ್ಲ.

ನಾನು ಪ್ರಾರ್ಥನೆ ಬಿಡಿ ಅನ್ನುವುದಿಲ್ಲ. ನಾನೂ ಡ್ಯೂಟಿಯಲ್ಲಿ ಪ್ರಾರ್ಥಿಸುತ್ತೇನೆ. ಗುಳಿಗೆ ಕೊಡುವಾಗಲೇ ಪ್ರಾರ್ಥಿಸುತ್ತೇನೆ.

ಸ್ಥಿರ ಬಂಡೆ (ಜಮಖಂಡಿ)

ಬ್ರದರ್, ನೋವಾಯಿತು ನಿಮ್ಮ ಬರಹ ಓದಿ. ಲೋಕದ ಸ್ನೇಹ ದೇವರಿಗೆ ವೈರ ಅಂತ ಯಾಕೋಬ ಬರೆದಿಲ್ವಾ? ಅವರೊಳಗಿಂದ ಹೊರಟು ಬಂದು ಬೇರೆಯಾಗಿರಿ ಅಂತ ಪೌಲ ಬರೆದಿಲ್ವಾ?

ನನ್ನ ಕಥೆ ಹೇಳುತ್ತೇನೆ. ನಾನು ಹನ್ನೆರಡು ವರ್ಷ ಕುಡಿದೆ. ಜಾತ್ರೆ, ಹಬ್ಬ, ಮದುವೆ, ದಿನ ಮಾಡೋ ಕಾರ್ಯ, ಎಲ್ಲ ಕಡೆ ಕುಡಿತ. ಹೆಂಡತಿಯ ಕಿವಿಯಲ್ಲಿನ ಬೆಂಡೋಲೆ ಸಮೇತ ಮಾರಿದ್ದೆ. ಒಬ್ಬ ಪಾಸ್ಟರ್ ದಿನಾ ಸಂಜೆ ಐದಕ್ಕೆ ಸೈಕಲ್ ಮೇಲೆ ಬಂದು ನನ್ನ ಜೊತೆ ಕೂಡುತ್ತಿದ್ದರು. ಏಳೆಂಟು ತಿಂಗಳು, ಒಂದು ದಿನ ತಪ್ಪಿಸದೆ. ಅವರು ನನಗೆ ಹೇಳಿದ್ದು ಒಂದೇ: ಆ ಕಟ್ಟೆಗೆ ಹೋಗಬೇಡ, ಆ ಜಾತ್ರೆಗೆ ಹೋಗಬೇಡ, ಆ ಗೆಳೆಯರ ಕೈಯಿಂದ ಏನೂ ತಗೋಬೇಡ. ನಾನು ಬೇರೆಯಾಗದಿದ್ದರೆ ಇವತ್ತು ಮಣ್ಣಲ್ಲಿರುತ್ತಿದ್ದೆ. ನನ್ನ ಮಗಳು ಈ ವರ್ಷ ಬಿಎಸ್ಸಿ ಮುಗಿಸಿದಳು.

ನೀವು ಸಡಿಲ ಮಾಡಿ ಅನ್ನುವ ಗಂಟು ನನ್ನ ಕುತ್ತಿಗೆ ಉಳಿಸಿದ ಹಗ್ಗ. ಇನ್ನೊಂದು ಮಾತು. 2021ರ ಡಿಸೆಂಬರ್‌ನಲ್ಲಿ ಮತಾಂತರ ನಿಷೇಧ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದು ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ. ಆ ದಿನಗಳಲ್ಲಿ ಮನೆ ಪ್ರಾರ್ಥನೆಗೆ ಚಪ್ಪಲಿ ಹೊರಗೆ ಬಿಡೋಕೂ ಹೆದರಿದವರನ್ನು ನಾನು ಬಲ್ಲೆ. ಹೊರಗಿನವರು ನಮ್ಮ ಮೇಲೆ ಹೇಳುವುದು ಸಾಲದು ಅಂತ ನಾವೇ ಹೇಳಿಕೊಳ್ಳಬೇಕಾ?

ಬನ್ನಿಗಿಡ (ಬಾಗಲಕೋಟೆ)

ಸ್ಥಿರ ಬಂಡೆ ಅಣ್ಣಾ, ನಿಮ್ಮ ಸೈಕಲ್ ಪಾಸ್ಟರ್ ವಿಷಯ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಿಮಗೆ ಆ ದೂರ ಔಷಧವಾಗಿತ್ತು. ಅದನ್ನು ನಿಮ್ಮಿಂದ ಕಸಿಯುವ ಹಕ್ಕು ನನಗಿಲ್ಲ. ನಾನು ತಿನ್ನುವುದರಿಂದ ನನ್ನ ತಮ್ಮ ಎಡವುವುದಾದರೆ ನಾನು ಎಂದಿಗೂ ಮಾಂಸ ತಿನ್ನುವುದಿಲ್ಲ ಅಂತ ಪೌಲ ಒಂದನೇ ಕೊರಿಂಥದಲ್ಲಿ ಹೇಳುವುದು ನಿಮ್ಮಂಥವರನ್ನು ನೆನೆದೇ. ನೀವು ನಮ್ಮ ಮನೆಗೆ ಬಂದ ದಿನ ನಿಮಗೆ ತೊಡಕಾಗುವುದು ಯಾವುದೂ ತಟ್ಟೆಯಲ್ಲಿರುವುದಿಲ್ಲ.

ಆದರೆ ಅದೇ ಕಾಗದದಲ್ಲಿ, ಎರಡು ಅಧ್ಯಾಯ ಮುಂದೆ, ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಏನೂ ಕೇಳದೆ ಉಣ್ಣಿ ಅನ್ನುತ್ತಾನೆ. ಇದು ಬಲಿ ಕೊಟ್ಟದ್ದು ಅಂತ ಯಾರಾದರೂ ಬಾಯಿಬಿಟ್ಟು ಹೇಳಿದರೆ ಆಗ ಬಿಡಿ, ಅದೂ ಅವನ ಮನಸ್ಸಾಕ್ಷಿಗೋಸ್ಕರ ಅನ್ನುತ್ತಾನೆ. ಎಷ್ಟು ನಾಜೂಕಾಗಿ ನಡೆಯುತ್ತಾನೆ ನೋಡಿ. ಒಬ್ಬೊಬ್ಬರ ಮುಖ ನೋಡಿ ಹೇಳುತ್ತಾನೆ. ನಾವು ಒಬ್ಬನಿಗೆ ಕೊಟ್ಟ ಔಷಧವನ್ನು ಊರಿಗೆಲ್ಲ ಕುಡಿಸಿದೆವು. ನನಗೆ ಆಯಿಯ ಕೈಯಿಂದ ಯಾವ ಅಪಾಯವೂ ಇರಲಿಲ್ಲ.

ಖಣದ ಊರು (ಗುಳೇದಗುಡ್ಡ)

ನಮ್ಮ ಮನೆ ನಾಲ್ಕು ತಲೆಮಾರಿನಿಂದ ಕ್ರೈಸ್ತರದ್ದು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ ಕೆಲಸ ಶುರು ಮಾಡಿದ್ದು 1851ರಲ್ಲಿ. ಹಾಗಾಗಿ ಸಭೆಯ ಹಳೇ ವಿಷಯ ಕೆದಕುವ ಅಭ್ಯಾಸ ನನಗೆ ಸ್ವಲ್ಪ ಜಾಸ್ತಿ.

ನಾವು ಯಾವುದನ್ನು ಆದಿಯಿಂದ ಬಂದದ್ದು ಅಂತ ತಿಳಿದಿದ್ದೇವೋ ಅದರಲ್ಲಿ ಎಷ್ಟೋ ಮೊನ್ನೆ ಮೊನ್ನೆಯದು. ವಿಶ್ವಾಸಿಗಳ ಸಭೆ ಗುಟ್ಟಾಗಿ ಮೇಲಕ್ಕೆ, ಸ್ವರ್ಗಕ್ಕೆ ಎತ್ತಲ್ಪಡುತ್ತದೆ, ಆಮೇಲೆ ಏಳು ವರ್ಷ ಮಹಾಸಂಕಟ, ಆಮೇಲೆ ಯೇಸು ಬರುತ್ತಾನೆ ಅನ್ನುವ ಬೋಧನೆಯನ್ನೇ ತಗೊಳ್ಳಿ. ಈ ಜೋಡಣೆಯನ್ನು ಹರಡಿದ್ದು ಬ್ರಿಟನ್ನಿನ ಜಾನ್ ನೆಲ್ಸನ್ ಡಾರ್ಬಿ, 1830ರ ದಶಕದಿಂದ. ಮನೆಮನೆಗೆ ಮುಟ್ಟಿಸಿದ್ದು 1909ರಲ್ಲಿ ಅಚ್ಚಾದ ಸ್ಕೋಫೀಲ್ಡ್ ಬೈಬಲ್ಲಿನ ಅಡಿಟಿಪ್ಪಣಿ. ವಾಕ್ಯ ಮೇಲೆ, ಟಿಪ್ಪಣಿ ಕೆಳಗೆ, ಎರಡೂ ಒಂದೇ ಪುಟದಲ್ಲಿ. ಓದುವವರಿಗೆ ಎರಡೂ ವಾಕ್ಯವೇ ಆಗಿಬಿಟ್ಟಿತು. ಲಂಡನ್ ಮಿಶನ್ನಿನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ಅಂದರೆ ನಮ್ಮ ಬೆಳಗಾವಿಯ ಸಭೆಗೇ ಈ ಬೋಧನೆಗಿಂತ ಜಾಸ್ತಿ ವಯಸ್ಸು! ಡಾರ್ಬಿಗೆ ಮುಂಚಿನ ಸಾವಿರದ ಎಂಟುನೂರು ವರ್ಷದ ವಿಶ್ವಾಸಿಗಳು ಸತ್ತವರ ಪುನರುತ್ಥಾನ ನಂಬಿದರು, ಯೇಸು ಬರುತ್ತಾನೆ ಅಂತ ನಂಬಿದರು. ಅಷ್ಟರಲ್ಲೇ ಬದುಕಿದರು, ಅಷ್ಟರಲ್ಲೇ ಸತ್ತರು.

ಪ್ರಸಂಗದ ಕೊನೆಗೆ ಮುಂದೆ ಕರೆದು ಒಂದು ಪ್ರಾರ್ಥನೆ ಹೇಳಿಸಿ, ಇವತ್ತು ಇಷ್ಟು ಜನ ರಕ್ಷಣೆ ಹೊಂದಿದರು ಅಂತ ಎಣಿಸುತ್ತೇವಲ್ಲ, ಅದೂ ಹಾಗೇ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಚಾರ್ಲ್ಸ್ ಫಿನ್ನಿಯಂಥ ಪ್ರಸಂಗಿಗಳ ಕೂಟಗಳಿಂದ ಜೋರಾದ ಪದ್ಧತಿ. ತಪ್ಪು ಅಂತಲ್ಲ. ಆದರೆ ಮೊದಲ ಸಭೆ ಹುಟ್ಟಿದ ಪಂಚಾಶತ್ತಮ ಹಬ್ಬದ ದಿನ ಪೇತ್ರನು ಯಾರಿಗೂ ಎರಡು ನಿಮಿಷದ ಪ್ರಾರ್ಥನೆ ಹೇಳಿಕೊಟ್ಟು ಕಳಿಸಲಿಲ್ಲ. ಅವರು ಕೂಡಿ ಬಾಳಿದರು, ರೊಟ್ಟಿ ಹಂಚಿಕೊಂಡರು.

ಇನ್ನು 'ಅನ್ಯಜನ' ಅನ್ನುವ ಮಾತು. ಪಕ್ಕದ ಮನೆಯವರನ್ನು ಎಷ್ಟು ಸಲೀಸಾಗಿ ಅನ್ಯರು ಅನ್ನುತ್ತೇವೆ! ಬೈಬಲ್ಲಿನಲ್ಲಿ ಅನ್ಯಜನ ಅಂದರೆ ಯೆಹೂದ್ಯರಲ್ಲದವರು. ಗುಳೇದಗುಡ್ಡದ ನಾನು, ಬಾಗಲಕೋಟೆಯ ನೀವು, ಬೆಳಗಾವಿಯ ಸಿಸ್ಟರ್, ನಾವೆಲ್ಲ ಅನ್ಯಜನವೇ. ಮನೆಯೊಳಗೆ ಬಂದ ಅತಿಥಿ ಬಾಗಿಲಲ್ಲಿ ನಿಂತವರಿಗೆ ಯಾರು ನೀನು ಅಂತ ಗದರಿಸಿದ ಹಾಗಾಯಿತು.

ಮಿಶನ್ನಿನವರನ್ನು ಜರಿಯೋಕೆ ಇದನ್ನು ಬರೆಯುತ್ತಿಲ್ಲ. ಕಿಟೆಲ್ ಅದೇ ಬಾಸೆಲ್ ಮಿಶನ್ನಿನಿಂದ ಬಂದವರು. 1894ರಲ್ಲಿ ಅಚ್ಚಾದ ಅವರ ನಿಘಂಟು ಇಲ್ಲದ ಕನ್ನಡವನ್ನು ನೆನೆಯೋಕೂ ಆಗುವುದಿಲ್ಲ. ಊರಿನ ಮಾತು, ಗಾದೆ, ಗಿಡಗಂಟಿಯ ಹೆಸರು ಎಲ್ಲ ಕೂಡಿಟ್ಟ ಮನುಷ್ಯ. ಅವರು ಬನ್ನಿ ಅನ್ನುವ ಪದಕ್ಕೂ ಹೆದರಲಿಲ್ಲ.

ಕ್ಯಾಂಪ್ ಹುಡುಗಿ (ಬೆಳಗಾವಿ)

ಎತ್ತಲ್ಪಡುವ ವಿಷಯ ಬಂತಲ್ಲ, ನಾನೂ ಹೇಳಬೇಕು. ಆರನೇ ತರಗತಿ. ಶಾಲೆಯಿಂದ ಬಂದೆ. ಬಾಗಿಲು ತೆರೆದಿದೆ. ಒಲೆ ಮೇಲೆ ಅನ್ನ ಕುದಿಯುತ್ತಿದೆ. ಮಮ್ಮಿ ಇಲ್ಲ, ತಮ್ಮನೂ ಇಲ್ಲ. ಎತ್ತಲ್ಪಟ್ಟರು, ನಾನು ಉಳಿದುಬಿಟ್ಟೆ ಅಂತ ಯೂನಿಫಾರ್ಮ್‌ನಲ್ಲೇ ನೆಲಕ್ಕೆ ಬಿದ್ದು ಅತ್ತೆ. ಹಿಂದಿನ ದಿನ ಗೆಳತಿಯ ಪೆನ್ಸಿಲ್ ಕೇಳದೆ ತಗೊಂಡಿದ್ದೆ. ಅದಕ್ಕೇ ನನ್ನನ್ನು ಬಿಟ್ಟುಹೋದರು ಅಂದುಕೊಂಡೆ. ಮಮ್ಮಿ ಪಕ್ಕದ ಮನೆಗೆ ಹೆಪ್ಪು ತರೋಕೆ ಹೋಗಿದ್ದಳು ಅಷ್ಟೇ.

ನನಗೀಗ ಇಪ್ಪತ್ತೇಳು. ಮನೆಗೆ ಬಂದಾಗ ಯಾರೂ ಕಾಣದಿದ್ದರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಬೇಸಿಗೆ ಬೈಬಲ್ ಶಾಲೆಯಲ್ಲಿ ಪಾಠ ಮಾಡುವ ಅಕ್ಕ ಅಣ್ಣಂದಿರನ್ನು ಕೈಮುಗಿದು ಕೇಳುತ್ತೇನೆ, ನರಕದ ಚಿತ್ರ ತೋರಿಸಿ ಮಕ್ಕಳ ಕೈ ಎತ್ತಿಸಬೇಡಿ. ಹೆದರಿ ಎತ್ತಿದ ಕೈ ಅದು.

ಇನ್ನೊಂದು. ನಮ್ಮ ಸಭೆಯಲ್ಲಿ ಉಪವಾಸ ಪ್ರಾರ್ಥನೆ, ಅಡುಗೆ, ಕಸ, ಹಾಡು, ಸಂಡೇ ಸ್ಕೂಲ್, ಎಲ್ಲ ಹೆಂಗಸರು. ಪ್ರಸಂಗಪೀಠಕ್ಕೆ ಮಾತ್ರ ಬೇಡ, ಹೆಂಗಸು ಮೌನವಾಗಿರಬೇಕು ಅನ್ನುತ್ತಾರೆ. ರೋಮಾಪುರಕ್ಕೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ ಪೌಲ ಮೊದಲು ಹೆಸರಿಸುವುದೇ ಫೊಯಿಬೆಯನ್ನು, ಸಭೆಯ ಸೇವಕಿ ಅಂತ. ಅಪೊಲ್ಲೋಸನಂಥ ದೊಡ್ಡ ಮಾತುಗಾರನನ್ನು ಮನೆಗೆ ಕರೆದು ತಿದ್ದಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು, ಗಂಡನ ಜೊತೆಗೆ. ಖಾಲಿ ಸಮಾಧಿಯ ಸುದ್ದಿ ಮೊದಲು ಹೇಳಿದವರು ಯಾರು? ಅವತ್ತು ಅವರು ಮೌನವಾಗಿದ್ದಿದ್ದರೆ?

ಎರಡು ಹೆಸರು (ಅಥಣಿ)

ನಾನು ಸ್ವಲ್ಪ ಕಷ್ಟದ ಮಾತು ಹೇಳುತ್ತೇನೆ, ಕ್ಷಮಿಸಿ.

ನನಗೆ ಸಭೆಯಲ್ಲಿ ಒಂದು ಹೆಸರು, ಕಾಗದದಲ್ಲಿ ಒಂದು ಹೆಸರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರನ್ನು ಸೇರಿಸಲಿಲ್ಲ. ದೀಕ್ಷಾಸ್ನಾನದ ಮರುದಿನವೂ ಊರು ನನ್ನನ್ನು ನೋಡುವ ಕಣ್ಣು ಬದಲಾಗಿರಲಿಲ್ಲ. ಬದಲಾಗುವುದು ಸರ್ಟಿಫಿಕೇಟ್ ಮಾತ್ರ.

ನಮ್ಮಂಥವರನ್ನು ಸಭೆಯಲ್ಲಿ 'ಎರಡು ದೋಣಿಯ ಮೇಲೆ ಕಾಲಿಟ್ಟವರು' ಅನ್ನುತ್ತಾರೆ. ಹಾಗೆ ಅನ್ನುವವರ ಮಕ್ಕಳಿಗೆ ಕಳೆದುಕೊಳ್ಳೋಕೆ ಸ್ಕಾಲರ್‌ಶಿಪ್ ಇರಲಿಲ್ಲ, ಹಾಸ್ಟೆಲ್ ಇರಲಿಲ್ಲ. ಅದೇ ಹಿರಿಯರು ಮಗನಿಗೆ ಹೆಣ್ಣು ನೋಡುವಾಗ ಅವರ ಮೂಲ ಯಾವುದು ಅಂತ ಮೆಲ್ಲಗೆ ವಿಚಾರಿಸುತ್ತಾರೆ. ಯೆಹೂದ್ಯ, ಗ್ರೀಕ ಅನ್ನುವ ಭೇದವಿಲ್ಲ ಅಂತ ಭಾನುವಾರ ಓದುತ್ತೇವೆ. ಸೋಮವಾರ ಮೂಲ ಕೇಳುತ್ತೇವೆ. ಬನ್ನಿ ಮುಟ್ಟಿದರೆ ಮೈಲಿಗೆ ಅಂದ ಸಭೆ, ಇದನ್ನು ಮೈಲಿಗೆ ಅಂತ ಒಂದು ದಿನವೂ ಕರೆದಿಲ್ಲ.

ಡೋಣಿ ದಂಡೆ (ವಿಜಯಪುರ)

ನಾನು ಬರೆಯೋಕೆ ಬಂದದ್ದು ದಶಮಾಂಶದ ಬಗ್ಗೆ, ಅಂದರೆ ದುಡಿಮೆಯಲ್ಲಿ ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲು. ಇದು ನಮ್ಮ ಅವ್ವನ ವಿಷಯ, ಹಾಗಾಗಿ ಸ್ವಲ್ಪ ಉದ್ದ ಆಗಬಹುದು.

ಅಪ್ಪ ಹೋದ ಮೇಲೆ ಅವ್ವ ರೊಟ್ಟಿ ಬಡಿದು ನಮ್ಮನ್ನು ಸಾಕಿದಳು. ಖಾನಾವಳಿಗೆ ಕೊಡೋ ಕಡಕ್ ರೊಟ್ಟಿ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚುತ್ತಿದ್ದಳು. ಅವಳಿಗೆ ಓದು ಬರಹ ಬರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಒಂದು ಬಟ್ಟಲು ಇಟ್ಟುಕೊಳ್ಳುತ್ತಿದ್ದಳು. ಹತ್ತು ರೊಟ್ಟಿ ಆದ ಕೂಡಲೇ ಬಟ್ಟಲಿಗೆ ಒಂದು ಜೋಳದ ಕಾಳು. ಸಂಜೆ ಕಾಳು ಎಣಿಸಿ, ಒಂದು ಕಾಳಿಗೆ ಒಂದು ರೊಟ್ಟಿಯ ದುಡ್ಡು ಅಂತ ಹಾರ್ಲಿಕ್ಸ್ ಬಾಟಲಿಗೆ ಹಾಕುತ್ತಿದ್ದಳು. ಅದು ದೇವರದ್ದು. ಹಿಟ್ಟಿನ ಖರ್ಚು, ಕಟ್ಟಿಗೆ ಖರ್ಚು ಕಳೆದು ಅಲ್ಲ, ಬಂದ ಪೂರ್ತಿ ದುಡ್ಡಿನಲ್ಲಿ ಹತ್ತರಲ್ಲೊಂದು. ಹಾಗೆ ಕೊಡದಿದ್ದರೆ ದೇವರ ದುಡ್ಡು ಕದ್ದ ಹಾಗೆ ಅಂತ ಮಲಾಕಿಯ 3ನೇ ಅಧ್ಯಾಯ ಓದಿ ಹೇಳಿದ್ದರು. ಮಳೆಗಾಲದಲ್ಲಿ ಮಾಳಿಗೆ ಸೋರುತ್ತಿತ್ತು. ಮಣ್ಣು ಹಾಕಿಸೋಕೆ ದುಡ್ಡಿರಲಿಲ್ಲ. ಹಾಸಿಗೆ ಮೇಲೆ ಪಾತ್ರೆ ಇಟ್ಟು, ಮೂಲೆಯಲ್ಲಿ ಕೂತು ರಾತ್ರಿ ಕಳೆಯುತ್ತಿದ್ದೆವು. ಬಾಟಲಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ.

ದೊಡ್ಡವನಾದ ಮೇಲೆ ನಾನೇ ಕೂತು ಓದಿದೆ. ಧರ್ಮೋಪದೇಶಕಾಂಡ 14. ದಶಮಾಂಶವನ್ನು ದೇವರ ಸನ್ನಿಧಿಗೆ ಒಯ್ದು ನೀವೂ ನಿಮ್ಮ ಮನೆಯವರೂ ಉಂಡು ಸಂತೋಷಪಡಿ ಅಂತಿದೆ. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಕೂಡಿಡಿ, ಲೇವಿಯರೂ ಪರದೇಶಿಗಳೂ ದಿಕ್ಕಿಲ್ಲದ ಮಕ್ಕಳೂ ವಿಧವೆಯರೂ ಬಂದು ಹೊಟ್ಟೆ ತುಂಬ ಉಣ್ಣಲಿ ಅಂತಿದೆ.

ವಿಧವೆಯರು! ನಮ್ಮವ್ವ ಕೊಡಬೇಕಾದವಳಲ್ಲ, ತಗೊಳ್ಳಬೇಕಾದವಳು. ದಶಮಾಂಶವನ್ನೆಲ್ಲ ತನ್ನಿ ಅನ್ನುವ ಮಲಾಕಿಯನ ಆ ಪ್ರಸಿದ್ಧ ವಚನಕ್ಕೆ ಐದು ವಚನ ಹಿಂದೆ ಹೋಗಿ. ಕೂಲಿಯವರ ಕೂಲಿ ಹಿಡಿಯುವವರಿಗೆ, ವಿಧವೆಯರನ್ನು ಹಿಂಸಿಸುವವರಿಗೆ ವಿರುದ್ಧವಾಗಿ ಬರುತ್ತೇನೆ ಅಂತ ದೇವರು ಹೇಳುತ್ತಾನೆ. ಐದೇ ವಚನ. ಪ್ರಸಂಗಿಗಳ ಬೆರಳು ಯಾಕೆ ಅಲ್ಲಿಗೆ ಹೋಗಲಿಲ್ಲ? ವಿಧವೆಯ ಎರಡು ಕಾಸಿನ ಕಥೆಯನ್ನೂ ಕಾಣಿಕೆ ಡಬ್ಬಿ ಬರುವ ಮುಂಚೆ ಹೇಳುತ್ತಾರೆ. ಮಾರ್ಕ 12ರಲ್ಲಿ ಆ ಕಥೆಗೆ ಸ್ವಲ್ಪ ಮುಂಚೆ ಯೇಸು, ವಿಧವೆಯರ ಮನೆಗಳನ್ನು ನುಂಗುವ ಧರ್ಮಪಂಡಿತರ ಮೇಲೆ ಸಿಟ್ಟಾಗಿದ್ದಾನೆ. ಆ ಸಿಟ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆ ಓದಿ, ಬೇರೆಯೇ ಕೇಳಿಸುತ್ತದೆ.

ಈಗ ಟಿವಿಯಲ್ಲಿ ಬೀಜ ಬಿತ್ತಿರಿ, ನೂರರಷ್ಟು ಬರುತ್ತದೆ ಅಂತ ಅಕೌಂಟ್ ನಂಬರ್ ತೋರಿಸುತ್ತಾರೆ. ಅಮೆರಿಕದ ಟಿವಿ ಪ್ರಸಂಗಿ ಓರಲ್ ರಾಬರ್ಟ್ಸ್ ಜನಪ್ರಿಯ ಮಾಡಿದ ಮಾತು ಅದು. ನಾನು ರೈತ. ಎರಿ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುತ್ತೇನೆ. ಡೋಣಿ ನಮ್ಮ ಕಡೆಯ ಹೊಳೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಅಂತ ಗಾದೆ. ಅದರಲ್ಲಿ 'ರೆ' ಇದೆ ನೋಡಿ, ಬೆಳೆದರೆ. ಕೂರಿಗೆ ಹಿಡಿದವನಿಗೆ ಆ 'ರೆ' ಗೊತ್ತು. ಹಸಿ ಆರಿದರೆ ಬಿತ್ತಿದ್ದು ಹುಟ್ಟುವುದಿಲ್ಲ. ಯಾವ ರೈತನೂ ಮಕ್ಕಳ ಔಷಧದ ದುಡ್ಡನ್ನು ಬೀಜ ಅಂತ ಕರೆಯುವುದಿಲ್ಲ.

ಅವ್ವನಿಗೆ ಇದನ್ನೆಲ್ಲ ಹೇಳೋಕೆ ನನಗೆ ಇನ್ನೂ ಧೈರ್ಯ ಬಂದಿಲ್ಲ. ಅವಳ ಆ ಬಟ್ಟಲಲ್ಲಿ ಇದ್ದದ್ದು ನಿಜವಾದ ಪ್ರೀತಿ. ಅದು ಸುಳ್ಳಾಯಿತು ಅಂತ ಅವಳಿಗೆ ಅನಿಸಿದರೆ?

ಸಭೆಯ ಕೆಲಸ (ಬೈಲಹೊಂಗಲ)

ಎಲ್ಲ ಓದಿದೆ. ನಾನು ಪಾಸ್ಟರ್. ಸಣ್ಣ ಸಭೆ, ನಲವತ್ತು ಮನೆ. ಮೂರು ದಿನದಿಂದ ಬರೆದು ಅಳಿಸುತ್ತಿದ್ದೇನೆ.

ತಮ್ಮಾ ಡೋಣಿ ದಂಡೆ, ಆ ಪ್ರಸಂಗ ನಾನೂ ಮಾಡಿದ್ದೇನೆ. ಮಲಾಕಿಯ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಧರ್ಮೋಪದೇಶಕಾಂಡ 14 ಒಂದು ಸಲವೂ ಇಲ್ಲ. ಯಾಕೆ ಅಂತ ಪ್ರಾಮಾಣಿಕವಾಗಿ ಹೇಳುತ್ತೇನೆ. ನಮ್ಮಂಥ ಸ್ವತಂತ್ರ ಸಭೆಗಳಲ್ಲಿ ಪಾಸ್ಟರ್‌ಗೆ ಸಂಬಳ ಇಲ್ಲ. ಬಾಡಿಗೆ, ಮಕ್ಕಳ ಫೀಸು, ಅಕ್ಕಿ, ಎಲ್ಲ ದಶಮಾಂಶದಿಂದಲೇ. ಭಾನುವಾರ ಕಾಣಿಕೆ ಕಮ್ಮಿ ಬಿದ್ದರೆ ಸೋಮವಾರ ಹೆಂಡತಿ ಮುಖ ನೋಡೋಕೆ ಆಗುವುದಿಲ್ಲ. ಆ ಹೆದರಿಕೆಯಲ್ಲಿ ಬೈಬಲ್ ತೆರೆದವನ ಬೆರಳು ತನಗೆ ಬೇಕಾದಲ್ಲಿಗೇ ಹೋಗುತ್ತದೆ. ಪೌಲ ಗುಡಾರ ಹೊಲಿದು ಉಂಡ. ಅದು ನಮಗೆಲ್ಲ ಗೊತ್ತು.

ನೈಟ್ ಡ್ಯೂಟಿ ತಂಗೀ, ಸ್ವಸ್ಥತೆಯ ವಿಷಯವೂ ಹೀಗೇ. ಪಕ್ಕದ ಊರಿನ ಸಭೆಯಲ್ಲಿ ಕುಂಟ ನಡೆದ ಅಂತ ವಿಡಿಯೊ ಬರುತ್ತದೆ. ನಮ್ಮವರು ಬಂದು, ನಮ್ಮಲ್ಲಿ ಯಾಕೆ ಆಗುವುದಿಲ್ಲ ಪಾಸ್ಟರ್ ಅನ್ನುತ್ತಾರೆ. ಗುಳಿಗೆ ಬಿಡು ಅಂತ ನಾನು ಎಂದೂ ಹೇಳಿಲ್ಲ. ಆದರೆ ಗುಳಿಗೆ ನುಂಗು ಅಂತಲೂ ಬಾಯಿಬಿಟ್ಟು ಹೇಳಿಲ್ಲ. ಈಗ ಅದು ತಪ್ಪು ಅನಿಸುತ್ತಿದೆ. ಮುಂದಿನ ವಾರದಿಂದ ರೋಗಿಗಳ ಪ್ರಾರ್ಥನೆ ಆದ ಮೇಲೆ ಗುಳಿಗೆ ತಗೊಂಡಿರಾ ಅಂತ ಒಬ್ಬೊಬ್ಬರನ್ನೇ ಕೇಳುತ್ತೇನೆ.

ಸ್ಥಿರ ಬಂಡೆ ಬ್ರದರ್, ಹೊರಗಿನ ಒತ್ತಡ ನನಗೂ ಗೊತ್ತು. ನಮ್ಮ ಮನೆ ಬಾಗಿಲಿಗೂ ಬಂದು ಕೂಗಿದ್ದಾರೆ. ಆದರೆ ಆ ಸಂಜೆ ಅವರನ್ನು ಸಮಾಧಾನ ಮಾಡಿ ಕಳಿಸಿದ್ದು ಎದುರು ಮನೆಯ ಗೌಡರು. ನಾನು ಇಪ್ಪತ್ತು ವರ್ಷ ಅವರ ಮನೆಯ ಹಬ್ಬದ ಊಟಕ್ಕೆ ಹೋಗಿರಲಿಲ್ಲ. ಅವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ಈ ಸಲ ಎಳ್ಳ ಅಮಾವಾಸ್ಯೆಗೆ ಅವರ ಹೊಲಕ್ಕೆ ಕರೆದಾಗ ಹೋದೆ. ಬೆಳೆಗೆ ನೈವೇದ್ಯ ಎರಚಿ ಚರಗ ಚೆಲ್ಲುವಾಗ ನಾನು ಸ್ವಲ್ಪ ದೂರ ನಿಂತೆ, ಅವರೂ ಬಲವಂತ ಮಾಡಲಿಲ್ಲ. ಆಮೇಲೆ ಎಲ್ಲರ ಜೊತೆ ಹೊಲದಲ್ಲೇ ಕೂತು ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಉಂಡೆ. ಉಣ್ಣುವ ಮುಂಚೆ ನನ್ನ ರೂಢಿಯಂತೆ ಕಣ್ಣು ಮುಚ್ಚಿದೆ. ಗೌಡರು ಮೊಮ್ಮಗನಿಗೆ, 'ಸುಮ್ಮನಿರು, ಅವರು ಪ್ರಾರ್ಥನೆ ಮಾಡ್ತಾರ' ಅಂದರು.

ಬರುವ ಭಾನುವಾರ ಧರ್ಮೋಪದೇಶಕಾಂಡ 14 ಓದುತ್ತೇನೆ. ನನಗಾಗಿ ಪ್ರಾರ್ಥಿಸಿ.

ಸ್ಥಿರ ಬಂಡೆ (ಜಮಖಂಡಿ)

ಪಾಸ್ಟರ್, ನಿಮ್ಮ ಮಾತು ಪೂರ್ತಿ ಒಪ್ಪಿದೆ ಅಂತ ಹೇಳಲಾರೆ. ನಾನು ಹೊಲದ ಊಟಕ್ಕೆ ಹೋದರೆ ಸಂಜೆ ಏನಾಗುತ್ತದೆ ಅಂತ ನನಗೆ ಗೊತ್ತು. ನಾನು ಹೋಗುವುದಿಲ್ಲ. ಆದರೆ ನನ್ನ ಹೆಂಡತಿ ಹೋಗಬಹುದು ಅನಿಸುತ್ತಿದೆ. ಅವಳು ಹತ್ತೊಂಬತ್ತು ವರ್ಷದಿಂದ ತವರಿನ ಪಂಚಮಿಗೂ ಹೋಗಿಲ್ಲ, ನನ್ನ ಸಲುವಾಗಿ. ಕುಡಿಯುತ್ತಿದ್ದವನು ನಾನು, ಅವಳಲ್ಲ. ಪಾಸ್ಟರ್‌ಗೋಸ್ಕರ ಪ್ರಾರ್ಥಿಸುತ್ತೇನೆ.

ಸಭೆಯ ಕೆಲಸ (ಬೈಲಹೊಂಗಲ)

ಓದಿದೆ.

ಪ್ರಸಂಗ ಮಾಡಲಿಲ್ಲ. ಅಧ್ಯಾಯದ ಕೊನೆಯ ಎಂಟು ವಚನ ನಿಧಾನವಾಗಿ ಎರಡು ಸಲ ಓದಿ ಕೂತೆ. ಯಾರೂ ಮಾತಾಡಲಿಲ್ಲ. ಖಜಾಂಚಿ ನೆಲ ನೋಡುತ್ತಿದ್ದರು. ಹೆಂಗಸರ ಕಡೆಯಿಂದ, ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂಡುವ ಒಬ್ಬ ಅಜ್ಜಿ ಕೇಳಿದಳು. ಗಂಡ ತೀರಿಹೋಗಿ ಬಹಳ ವರ್ಷವಾದವಳು. 'ಅಯ್ಯನವರ, ಮೂರು ವರ್ಷಕ್ಕೊಮ್ಮಿ ಅಂದ್ರಲ್ಲ, ನಮ್ಮ ಸಭಾದಾಗ ಇದು ಎಷ್ಟನೇ ವರ್ಷರೀ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಖಜಾಂಚಿಯವರೇ ಎದ್ದು ಲೆಕ್ಕದ ಪುಸ್ತಕ ತೆಗೆದು ನೋಡೋಣ ಅಂದರು. ಶನಿವಾರ ಸಂಜೆ ಐದು ಜನ ಕೂಡುತ್ತಿದ್ದೇವೆ. ಅದರಲ್ಲಿ ಇಬ್ಬರು ಹೆಂಗಸರು.

ಡೋಣಿ ದಂಡೆ (ವಿಜಯಪುರ)

ಪಾಸ್ಟರ್, ಇದನ್ನು ಇವತ್ತು ಸಂಜೆ ಅವ್ವನಿಗೆ ಓದಿ ಹೇಳಿದೆ. ಆ ಅಜ್ಜಿಯ ಪ್ರಶ್ನೆ ಬಂದಾಗ, ಇನ್ನೊಮ್ಮೆ ಓದು ಅಂದಳು. ಓದಿದೆ. ಬಟ್ಟಲು ಈಗಲೂ ಒಲೆಯ ಪಕ್ಕದಲ್ಲೇ ಇದೆ. ಶನಿವಾರ ಆದ ಮೇಲೆ ಏನಾಯಿತು ಅಂತ ಕೇಳಿ ತಿಳಿಸು ಅಂತ ಹೇಳಿದ್ದಾಳೆ.